ಹಳೇ ನೋವಾಕ್ಕೆ ಫ್ಲೋರ್ ಶಿಫ್ಟರ್ ಯಾವುದು ಹಾಕಲಿ? ಘಟ್ಟಕ್ಕೂ ಆಗಬೇಕು, ಹೈವೇಗೂ ಆಗಬೇಕು

ಕೋಡಿಬಾಗ್ ಕಾರುಹುಚ್ಚ

ನಮಸ್ಕಾರ ಎಲ್ಲರಿಗೂ. ಕಾರು 1970ರ ಶೆವ್ರೊಲೆ ನೋವಾ, ಎರಡು ಬಾಗಿಲಿನದ್ದು, 350 ಘನ ಇಂಚಿನ ವಿ8 ಇಂಜಿನ್. ಚಿಕ್ಕಪ್ಪ ಮುಂಬೈಯಲ್ಲಿ ಇಟ್ಟುಕೊಂಡಿದ್ದರು, ಈಗ ಕಾರವಾರದಲ್ಲಿ ನಮ್ಮ ಶೆಡ್ಡಿಗೆ ಬಂದಿದೆ. ಎಡಗಡೆ ಸ್ಟೀರಿಂಗ್. ಗೇರ್ ಆಟೊಮ್ಯಾಟಿಕ್, ಆದರೆ ಲಿವರ್ ಇರುವುದು ಸ್ಟೀರಿಂಗ್ ಕಾಲಮ್ಮಿನಲ್ಲಿ, ನಮ್ಮ ಹಳೇ ಅಂಬಾಸಿಡರಿನ ಹಾಗೆ.

ತೊಂದರೆ ಏನು ಅಂದ್ರೆ ಆ ಲಿವರ್ ಪೂರ್ತಿ ಸಡಿಲ. ಮುಳ್ಳು ಡ್ರೈವ್ ತೋರಿಸುತ್ತದೆ, ಗಾಡಿ ನ್ಯೂಟ್ರಲ್‌ನಲ್ಲಿ ಇರುತ್ತದೆ. ಕೆಲವೊಮ್ಮೆ ಪಾರ್ಕಿಗೆ ಹಾಕಿದರೂ ಸ್ಟಾರ್ಟ್ ಆಗುವುದಿಲ್ಲ, ಲಿವರನ್ನು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿದು ಕೀ ತಿರುಗಿಸಬೇಕು. ಹಾಗಾಗಿ ಇದನ್ನು ತೆಗೆದು ಕೆಳಗೆ ಫ್ಲೋರ್ ಶಿಫ್ಟರ್, ಅಂದ್ರೆ ನೆಲದಿಂದ ಮೇಲೆ ಬರುವ ಗೇರ್ ಲಿವರ್ ಹಾಕೋಣ ಅಂತಿದ್ದೇನೆ. ಬಿ ಆಂಡ್ ಎಮ್, ಹರ್ಸ್ಟ್, ಲೋಕಾರ್ ಮೂರೂ ಕಂಪನಿಯದ್ದು ನೋಡಿದೆ, ನೋಡಿದಷ್ಟೂ ತಲೆ ಕೆಟ್ಟಿದೆ. ರ್ಯಾಚೆಟ್ ಅಂತಾರೆ, ಗೇಟ್ ಅಂತಾರೆ, ರಿವರ್ಸ್ ಪ್ಯಾಟರ್ನ್ ಅಂತಾರೆ.

ನನ್ನ ಓಡಾಟ ಹೇಳಿಬಿಡ್ತೇನೆ. ಹೆಚ್ಚಾಗಿ ಹೈವೇ 66ರಲ್ಲಿ ಅಂಕೋಲಾ, ಕುಮಟಾ ತನಕ. ಅಮ್ಮನ ತವರು ಶಿರಸಿ, ಅಲ್ಲಿಗೆ ದೇವಿಮನೆ ಘಟ್ಟ ಹತ್ತಿ ಹೋಗಬೇಕು. ರೇಸ್ ಗೀಸ್ ಏನೂ ಇಲ್ಲ. ಮುಂದಿನ ಸೀಟು ಉದ್ದದ ಬೆಂಚ್, ಅದನ್ನು ತೆಗೆಯಲು ಅಮ್ಮ ಬಿಡುವುದಿಲ್ಲ. ಯಾವುದು ತಗೊಳ್ಳಲಿ ಹೇಳಿ.

ಸದಾಶಿವಗಡ ಸ್ಪೀಡು

ಬಾಸ್, ಇದರಲ್ಲಿ ಯೋಚನೆ ಮಾಡೋದು ಏನಿದೆ? ಹರ್ಸ್ಟ್ ಕ್ವಾರ್ಟರ್ ಸ್ಟಿಕ್, ಅದೂ ಪಿಸ್ತೂಲಿನ ಹಿಡಿ ಇರುವುದು. ಇಂಥ ಕಾರಿಗೆ ಹರ್ಸ್ಟ್ ಬಿಟ್ಟು ಬೇರೆ ಹಾಕಿದರೆ ಮದುವೆಗೆ ಚಪ್ಪಲಿ ಹಾಕ್ಕೊಂಡು ಬರ್ಮುಡಾದಲ್ಲಿ ಬಂದ ಹಾಗೆ ಇರುತ್ತದೆ. 1967ರ ಪಾಂಟಿಯಾಕ್ ಜಿಟಿಒಗೆ ಕಂಪನಿಯೇ ಹರ್ಸ್ಟ್ ಡ್ಯುಯಲ್ ಗೇಟ್ ಶಿಫ್ಟರ್ ಕೊಡುತ್ತಿತ್ತು. ಒಂದು ಕಡೆ ಸಾದಾ ಆಟೊಮ್ಯಾಟಿಕ್, ಪಕ್ಕಕ್ಕೆ ತಳ್ಳಿದರೆ ಒಂದೊಂದೇ ಗೇರ್ ಕೈಯಿಂದ ಹಾಕುವ ದಾರಿ. ಅದಕ್ಕೇ 'ಹಿಸ್ ಆಂಡ್ ಹರ್ಸ್' ಅಂತ ಹೆಸರಿಟ್ಟಿದ್ದರು. ಆ ಕಾಲದ ಮಜಾನೇ ಬೇರೆ.

ಬೆಂಚ್ ಸೀಟು ತೆಗೆದು ಎರಡು ಬಕೆಟ್ ಹಾಕಿ. ಅಮ್ಮನಿಗೆ ನಾನು ಹೇಳ್ತೇನೆ ಬೇಕಾದರೆ.

ಘಟ್ಟದ ಮೇಲಿನವ

ಅಮ್ಮನಿಗೆ ಹೇಳೋಕೆ ಹೋಗಿ ಕಷಾಯ ಕುಡಿಸಿಕೊಂಡು ಬರ್ತೀಯ ಅಷ್ಟೇ ಮಾರಾಯ.

ಕಾರುಹುಚ್ಚರೇ, ಶಿಫ್ಟರ್ ಯಾವುದು ಅನ್ನೋ ಮೊದಲು ಗೇರ್ ಬಾಕ್ಸ್ ಯಾವುದು ಹೇಳಿ. ಆ ವರ್ಷದ ನೋವಾಕ್ಕೆ ಪವರ್‌ಗ್ಲೈಡ್ ಬರುತ್ತಿತ್ತು, ಟಿಎಚ್350 ಕೂಡ ಬರುತ್ತಿತ್ತು. ಐವತ್ತು ವರ್ಷದಲ್ಲಿ ಯಾರು ಏನು ಬದಲಾಯಿಸಿದ್ದಾರೋ ದೇವರಿಗೇ ಗೊತ್ತು. ಕಾಲಮ್ಮಿನ ಮುಳ್ಳು ನೋಡಿ. ಡ್ರೈವ್ ಆದ ಮೇಲೆ ಒಂದೇ ಸ್ಥಾನ ಇದ್ದರೆ ಎರಡು ಗೇರಿನ ಪವರ್‌ಗ್ಲೈಡ್, ಎರಡು ಸ್ಥಾನ ಇದ್ದರೆ ಮೂರು ಗೇರಿನದ್ದು. ಅದನ್ನೂ ನಂಬಬೇಡಿ, ಕಾರಿನ ಕೆಳಗೆ ಮಲಗಿ ಗೇರ್ ಬಾಕ್ಸಿನ ಎಣ್ಣೆ ಪ್ಯಾನ್ ನೋಡಿ. ಟಿಎಚ್350 ಪ್ಯಾನಿಗೆ 13 ಬೋಲ್ಟ್, ಹೆಚ್ಚುಕಡಿಮೆ ಚೌಕ, ಒಂದು ಮೂಲೆ ಕತ್ತರಿಸಿದ ಹಾಗೆ. ಟಿಎಚ್400ಕ್ಕೂ 13, ಆದರೆ ಆಕಾರ ಅಂಕುಡೊಂಕು. ಪವರ್‌ಗ್ಲೈಡಿಗೆ 14. ಯಾರಾದರೂ ಆಮೇಲೆ ನಾಲ್ಕು ಗೇರಿನ 700ಆರ್4 ಕೂರಿಸಿದ್ದರೆ 16 ಬೋಲ್ಟಿನ ಉದ್ದ ಆಯತ.

ಇನ್ನೊಂದು. ಲಿವರ್ ಡ್ರೈವ್‌ನಲ್ಲಿ ಇಟ್ಟು ನಿಧಾನ ಓಡಿಸಿದರೆ ಗೇರ್ ತಾನಾಗಿ ಬದಲಾಗುತ್ತದಾ? ಬದಲಾದರೆ ಸಾದಾ ವಾಲ್ವ್ ಬಾಡಿ (ಎಣ್ಣೆ ಒತ್ತಡದಿಂದ ಗೇರ್ ಬದಲಾಯಿಸುವ ಒಳಭಾಗ). ಬದಲಾಗದೆ ನೀವು ಹಾಕಿದ ಗೇರಿನಲ್ಲೇ ಕೂತರೆ ಯಾರೋ ರೇಸಿನ ಮ್ಯಾನುಅಲ್ ವಾಲ್ವ್ ಬಾಡಿ ಹಾಕಿದ್ದಾರೆ ಅಂತ ಅರ್ಥ. ಆಗ ಮಾತೇ ಬೇರೆ.

ಕೋಡಿಬಾಗ್ ಕಾರುಹುಚ್ಚ

ಕೆಳಗೆ ಹೋಗಿ ನೋಡಿದೆ. 13 ಬೋಲ್ಟ್, ಒಂದು ಮೂಲೆ ಕತ್ತರಿಸಿದ್ದೇ. ಹಾಗಾದರೆ ಟಿಎಚ್350. ಗೇರ್ ತಾನಾಗಿಯೇ ಬದಲಾಗುತ್ತದೆ. ಬ್ರೇಕ್ ನಾಲ್ಕೂ ಡ್ರಮ್, ಅದನ್ನೂ ಹೇಳಿಬಿಡ್ತೇನೆ. ಇಂಜಿನ್ನಿಗೆ ಕಂಪನಿಯ ಹೊಗೆ ಪೈಪಿನ ಬದಲು ಹೆಡರ್ ಹಾಕಿದ್ದಾರೆ, ಗೇರ್ ಬಾಕ್ಸಿನ ಎಡಮಗ್ಗುಲಿಗೆ ತುಂಬ ಹತ್ತಿರ ಹಾದುಹೋಗುತ್ತದೆ.

ಘಟ್ಟದ ಮೇಲಿನವ

ಡ್ರಮ್ ಬ್ರೇಕ್ ಅಂದ ಮೇಲೆ ನನ್ನ ಉತ್ತರ ಸಲೀಸಾಯಿತು.

ದೇವಿಮನೆ ಇಳಿಯುವಾಗ ಡ್ರೈವ್‌ನಲ್ಲೇ ಇಟ್ಟು ಬ್ರೇಕ್ ಒತ್ತುತ್ತಾ ಬಂದರೆ ಅರ್ಧ ಘಟ್ಟಕ್ಕೆ ಡ್ರಮ್ ಕಾದು ಪೆಡಲ್ ಮೆತ್ತಗಾಗುತ್ತದೆ. ಮುಂದೆ ಸಿಮೆಂಟ್ ಲಾರಿ, ಹಿಂದೆ ಹಾರ್ನ್ ಹೊಡೆಯುವ ಬಸ್, ಮಳೆ ಬೇರೆ. ಅಲ್ಲಿ ನಿಮಗೆ ಬೇಕಾದ್ದು ಎರಡನೇ ಗೇರ್. ಟಿಎಚ್350ರಲ್ಲಿ ಲಿವರ್ ಎರಡಕ್ಕೆ ಇಟ್ಟರೆ ಮೂರಕ್ಕೆ ಹೋಗುವುದೇ ಇಲ್ಲ, ಇಂಜಿನ್ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಎರಡನೇ ಗೇರಿನ ಅನುಪಾತ 1.52, ಮೂರರದ್ದು 1. ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ತೀರಾ ಕಡಿದಾದ ತಿರುವಿಗೆ ಒಂದು ಇದೆ, ಅದು 2.52. ಆದರೆ ಒಂದಕ್ಕೆ ಎಳೆಯುವ ಮೊದಲು ವೇಗ ಇಳಿಸಿಕೊಳ್ಳಿ.

ಹಾಗಾಗಿ ನಿಮ್ಮ ಶಿಫ್ಟರಿಗೆ ಪರೀಕ್ಷೆ ಒಂದೇ. ಮೂರರಿಂದ ಎರಡಕ್ಕೆ ಕಣ್ಣು ರಸ್ತೆ ಮೇಲೇ ಇಟ್ಟು ಎಳೆಯಲು ಬರಬೇಕು, ಎರಡಕ್ಕೇ ನಿಲ್ಲಬೇಕು, ಒಂದಕ್ಕೆ ಜಾರಬಾರದು. ವಾಪಸ್ ತಳ್ಳುವಾಗ ಡ್ರೈವ್ ದಾಟಿ ನ್ಯೂಟ್ರಲ್ಲಿಗೆ ಹೋಗಬಾರದು. ಘಟ್ಟದಲ್ಲಿ ನ್ಯೂಟ್ರಲ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಕುಮಟೆಯವ, ಈಗ ಓಹಾಯೋದಲ್ಲಿ

ಊರಿನ ಘಟ್ಟದ ಹೆಸರು, ನೋವಾ ಹೆಸರು ಎರಡನ್ನೂ ಒಂದೇ ಕಡೆ ಓದಿ ಖುಷಿಯಾಯಿತು. ಇಲ್ಲಿ ಇಂಥ ಕಾರುಗಳ ಕೆಲಸ ವಾರಾಂತ್ಯಕ್ಕೆ ನಾನೂ ಮಾಡ್ತೇನೆ.

ಘಟ್ಟದ ಮೇಲಿನವರು ಹೇಳಿದ ಪರೀಕ್ಷೆಗೆ ಪಾಸಾಗುವುದು ರ್ಯಾಚೆಟ್. ಬಿ ಆಂಡ್ ಎಮ್‌ನ ಮೆಗಾಶಿಫ್ಟರ್, ಕ್ವಿಕ್‌ಸಿಲ್ವರ್ ಎರಡೂ ಆ ಜಾತಿ. ಮುಂದಿನ ಗೇರುಗಳ ನಡುವೆ ಒಂದು ಸಲ ತಳ್ಳಿದರೆ ಅಥವಾ ಎಳೆದರೆ ಒಂದೇ ಗೇರ್ ಬದಲಾಗುತ್ತದೆ, ಎಷ್ಟೇ ಜೋರು ಮಾಡಿದರೂ ಎರಡು ಗೇರ್ ಹಾರುವುದಿಲ್ಲ. ನ್ಯೂಟ್ರಲ್ ದಾಟಿ ರಿವರ್ಸಿಗೆ ಹೋಗಲು ಟ್ರಿಗರ್ ಎತ್ತಲೇಬೇಕು. ಇದನ್ನು ಕಂಡುಹಿಡಿದದ್ದು ರೇಸಿಗೆ, ಆದರೆ ಉಪಯೋಗ ನಮ್ಮ ಘಟ್ಟಕ್ಕೂ ಆಗುತ್ತದೆ.

ಹರ್ಸ್ಟ್ ಕ್ವಾರ್ಟರ್ ಸ್ಟಿಕ್ ಒಳ್ಳೇ ಮಾಲೇ, ಗಟ್ಟಿ. ಆದರೆ ಅದು ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಡ್ರ್ಯಾಗ್ ರೇಸಿಗೆಂದು ಮಾಡಿದ್ದು. ಹೆಸರಲ್ಲೇ ಕಾಲು ಮೈಲಿ ಇದೆಯಲ್ಲ. ಅಲ್ಲದೆ ತರಿಸುವಾಗ ಫಾರ್ವರ್ಡ್ ಪ್ಯಾಟರ್ನ್ ಬೇಕೋ ರಿವರ್ಸ್ ಪ್ಯಾಟರ್ನ್ ಬೇಕೋ ನೋಡಿ ಹೇಳಬೇಕು. ಕಂಪನಿ ಗೇರ್ ಬಾಕ್ಸಿನಲ್ಲಿ ನ್ಯೂಟ್ರಲ್ ಆದ ಮೇಲೆ ಡ್ರೈವ್, ಎರಡು, ಒಂದು ಬರುತ್ತದೆ. ರೇಸಿನ ರಿವರ್ಸ್ ಪ್ಯಾಟರ್ನಿನಲ್ಲಿ ನ್ಯೂಟ್ರಲ್ ಆದ ಮೇಲೆ ಒಂದು, ಎರಡು, ಮೂರು. ನಿಮ್ಮದು ಸಾದಾ ವಾಲ್ವ್ ಬಾಡಿ, ಹಾಗಾಗಿ ಫಾರ್ವರ್ಡ್. ತಪ್ಪು ಮಾದರಿ ಬಂದರೆ ಅಮೆರಿಕಕ್ಕೆ ವಾಪಸ್ ಕಳಿಸಿ ಮತ್ತೆ ತರಿಸುವ ಖರ್ಚಲ್ಲಿ ಇನ್ನೊಂದು ಶಿಫ್ಟರ್ ಬರುತ್ತದೆ, ಕಸ್ಟಮ್ಸ್ ಸುಂಕ ಬೇರೆ.

ಈಗ ಬೆಂಚ್ ಸೀಟಿನ ವಿಷಯ. ಮೆಗಾಶಿಫ್ಟರ್ ಒಂದು ಡಬ್ಬಿಯ ಹಾಗೆ ನೆಲದ ಮಧ್ಯದ ಉಬ್ಬಿನ (ಟನಲ್) ಮೇಲೆ ಕೂರುತ್ತದೆ, ಮಧ್ಯದಲ್ಲಿ ಕೂತವರ ಕಾಲಿಗೆ ಜಾಗ ಇರುವುದಿಲ್ಲ. ಮಧ್ಯ ಯಾರೂ ಕೂರುವುದಿಲ್ಲ ಅಂದರೆ ಪರವಾಗಿಲ್ಲ. ಕೂರುತ್ತಾರೆ ಅಂದರೆ ಲೋಕಾರ್ ನೋಡಿ. ಅದರಲ್ಲಿ ಗೇರ್ ಬಾಕ್ಸಿನ ಹಿಂಭಾಗಕ್ಕೇ ಬೋಲ್ಟ್ ಮಾಡುವ ಮಾದರಿ ಇದೆ. ನೆಲದಿಂದ ತೆಳ್ಳಗೆ ಒಂದು ಕೋಲು ಮೇಲೆ ಬರುತ್ತದೆ ಅಷ್ಟೇ, ಉದ್ದ ಬೇಕಾದಷ್ಟು ಆರಿಸಿಕೊಳ್ಳಬಹುದು, ಬೆಂಚ್ ಸೀಟಿಗೆ ಚೆನ್ನಾಗಿ ಒಪ್ಪುತ್ತದೆ. ಮುಖ್ಯ ಲಾಭ ಇನ್ನೊಂದಿದೆ. ಅದಕ್ಕೆ ಉದ್ದದ ಕೇಬಲ್ಲೇ ಇಲ್ಲ, ಗಿಡ್ಡ ಸಲಾಕೆ. ಹೆಡರ್ ಹತ್ತಿರ ಇದೆ ಅಂದಿರಲ್ಲ, ಕೇಬಲ್ಲಿನ ಹೊರಕವಚ ಹೆಡರ್ ಬಿಸಿಗೆ ಕರಗಿದರೆ ಶಿಫ್ಟರ್ ಯಾವ ಕಂಪನಿದಾದರೂ ಒಂದೇ, ಗೇರ್ ಬೀಳುವುದಿಲ್ಲ. ಇಂಜಿನ್ ಅಲುಗಿದಾಗ ಶಿಫ್ಟರೂ ಗೇರ್ ಬಾಕ್ಸ್ ಜತೆಗೇ ಅಲುಗುತ್ತದೆ, ಹೊಂದಾಣಿಕೆ ತಪ್ಪುವುದಿಲ್ಲ.

ಮೂರನೆಯ ದಾರಿ ಕಂಪನಿಯದ್ದೇ. ಆ ಕಾಲದ ನೋವಾ, ಕಮಾರೊ, ಶೆವೆಲ್‌ಗಳಲ್ಲಿ ಎರಡು ಸೀಟಿನ ಮಧ್ಯದ ಕನ್ಸೋಲ್ ತಗೊಂಡವರಿಗೆ ಕುದುರೆ ಲಾಳದ ಆಕಾರದ ಶಿಫ್ಟರ್ ಬರುತ್ತಿತ್ತು. ಹೊಸದಾಗಿ ಮಾಡಿದ ನಕಲುಗಳು ಸಿಗುತ್ತವೆ. ಕಣ್ಣಿಗೆ ಅದೇ ಚಂದ ಅಂತ ನನಗೆ ಅನಿಸುತ್ತದೆ, ಆದರೆ ಕನ್ಸೋಲ್, ಬಕೆಟ್ ಸೀಟು ಎಲ್ಲ ಸೇರಿ ಖರ್ಚು ಹನುಮಂತನ ಬಾಲ.

ಸದಾಶಿವಗಡ ಸ್ಪೀಡು

ಹೆಸರಲ್ಲಿ ಕಾಲು ಮೈಲಿ ಇದ್ದರೆ ಏನಾಯ್ತು ಅಣ್ಣ, ಬಿಣಗಾದಿಂದ ಕಾರವಾರದ ತನಕ ಹೈವೇ ಖಾಲಿ ಸಿಕ್ಕರೆ ಕಾಲು ಮೈಲಿ ಎಲ್ಲಾ ಎಷ್ಟೋ ಸಲ ಆಗುತ್ತದೆ. ಸರಿ ಸರಿ, ರ್ಯಾಚೆಟ್ ಒಪ್ಪಿದೆ. ಕೋಲು ಮಾತ್ರ ಬೇಡ. ಉದ್ದ ಕೋಲು ನೋಡಿದರೆ ಟೆಂಪೋ ನೆನಪಾಗುತ್ತದೆ.

ಹೊನ್ನಾವರ ಗ್ಯಾರೇಜು

ಎಲ್ಲರೂ ಅಂಗಡಿಗೆ ಓಡಿದಿರಿ. ನಾನು ಸ್ವಲ್ಪ ಉಲ್ಟಾ ಹೇಳ್ತೇನೆ, ಬೇಸರ ಮಾಡಬೇಡಿ.

ತಮ್ಮಾ, ನಿನ್ನ ಕಾಲಮ್ ಲಿವರ್ ಸಡಿಲ ಆಗಿದ್ದಕ್ಕೆ ಕಾರಣ ನೋಡಿದ್ದೀಯಾ? ಕಾಲಮ್ಮಿನ ಬುಡದಲ್ಲಿ ಒಂದು ಬುಷ್, ಅಲ್ಲಿಂದ ಗೇರ್ ಬಾಕ್ಸಿಗೆ ಹೋಗುವ ಸಲಾಕೆಯ ತುದಿಗಳಲ್ಲಿ ರಬ್ಬರೋ ನೈಲಾನೋ ಬುಷ್. ಐವತ್ತು ವರ್ಷಕ್ಕೆ ಅವು ಪುಡಿಯಾಗಿರುತ್ತವೆ. ಪ್ರತಿ ತುದಿಯಲ್ಲೂ ಚೂರು ಚೂರು ಆಟ ಬಂದರೆ ಮೇಲೆ ಲಿವರಿನಲ್ಲಿ ಅರ್ಧ ಗೇರಿನಷ್ಟು ಆಟ ಬರುತ್ತದೆ. ಮುಳ್ಳು ಡ್ರೈವ್ ತೋರಿಸಿ ಗಾಡಿ ನ್ಯೂಟ್ರಲ್ ಇರುವುದು, ಲಿವರ್ ಎತ್ತಿ ಹಿಡಿದರೆ ಮಾತ್ರ ಸ್ಟಾರ್ಟ್ ಆಗುವುದು, ಎರಡೂ ಅದರದ್ದೇ ಲಕ್ಷಣ. ಬುಷ್ ಸಿಗದಿದ್ದರೆ ಲೇತ್‌ನಲ್ಲಿ ಹಿತ್ತಾಳೆದೋ ನೈಲಾನಿನದೋ ಮಾಡಿಸಿಕೊಳ್ಳಬಹುದು. ಬೆಂಚ್ ಸೀಟೂ ಉಳಿಯಿತು, ಅಮ್ಮನ ಕಾಲಿಗೆ ಜಾಗವೂ ಉಳಿಯಿತು, ಕಾರೂ ಹುಟ್ಟಿದ ಹಾಗೇ ಉಳಿಯಿತು.

ಇಲ್ಲ, ಫ್ಲೋರ್ ಶಿಫ್ಟರೇ ಬೇಕು ಅಂದರೆ ಒಂದು ವಿಷಯ ಬರೆದಿಟ್ಟುಕೋ. 1969ರಿಂದ ಆ ಕಂಪನಿಯ ಕಾರುಗಳಲ್ಲಿ ಕೀ ಇರುವುದು ಸ್ಟೀರಿಂಗ್ ಕಾಲಮ್ಮಿನಲ್ಲಿ. ಕಾಲಮ್ ಪಾರ್ಕ್ ಸ್ಥಾನದಲ್ಲಿ ಇಲ್ಲದಿದ್ದರೆ ಕೀ ಲಾಕ್ ಆಗಿ ಹೊರಗೆ ಬರುವುದಿಲ್ಲ. ಹಾಗಾಗಿ ಜನ ಏನು ಮಾಡುತ್ತಾರೆ, ಹಳೇ ಲಿವರ್ ಕತ್ತರಿಸಿ, ಕಾಲಮ್ಮನ್ನು ಪಾರ್ಕಿನಲ್ಲೇ ಕಾಯಂ ಬಿಗಿದು, ಕೆಳಗೆ ಹೊಸ ಶಿಫ್ಟರ್ ಹಾಕುತ್ತಾರೆ. ಕೀ ಬರುತ್ತದೆ, ಎಲ್ಲ ಸರಿ ಅನಿಸುತ್ತದೆ. ಆದರೆ ಪಾರ್ಕ್, ನ್ಯೂಟ್ರಲ್ ಬಿಟ್ಟು ಬೇರೆಲ್ಲೂ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸೇಫ್ಟಿ ಸ್ವಿಚ್ ಇರುವುದೂ ಆ ಕಾಲಮ್ಮಿನ ಮೇಲೇ! ಅದಕ್ಕೆ ಗಾಡಿ ಯಾವಾಗಲೂ ಪಾರ್ಕಿನಲ್ಲಿದೆ ಅಂತಲೇ ಲೆಕ್ಕ. ಕೆಳಗಿನ ಲಿವರ್ ರಿವರ್ಸಿನಲ್ಲಿ ಇದ್ದರೂ ಕೀ ತಿರುಗಿಸಿದ ಕೂಡಲೇ ಇಂಜಿನ್ ಎದ್ದು ಗಾಡಿ ಹಿಂದಕ್ಕೆ ನೆಗೆಯುತ್ತದೆ. ಶೆಡ್ಡಿನ ಹಿಂದೆ ಗೋಡೆ ಇದ್ದರೆ ಗೋಡೆ, ಮನುಷ್ಯ ಇದ್ದರೆ ಮನುಷ್ಯ.

ಸೆಲ್ಫ್ ಮೋಟರಿನ ಸೊಲೆನಾಯ್ಡಿಗೆ ಹೋಗುವ ನೇರಳೆ ವೈರ್ ಹುಡುಕು. ಕೀಯಿಂದ ಸ್ವಿಚ್ ದಾಟಿ ಸೊಲೆನಾಯ್ಡಿಗೆ ಹೋಗುವುದು ಅದೇ. ಆ ದಾರಿಯನ್ನು ಹೊಸ ಶಿಫ್ಟರಿನ ಮೇಲಿನ ಸ್ವಿಚ್ಚಿಗೆ ತಿರುಗಿಸಬೇಕು. ಸ್ವಿಚ್ ಪೆಟ್ಟಿಗೆಯಲ್ಲೇ ಬರುತ್ತದೋ ಬೇರೆ ತಗೋಬೇಕೋ ಮೊದಲೇ ಕೇಳು. ರಿವರ್ಸ್ ಲೈಟಿನದ್ದೂ ಹಾಗೇ.

ಕುಮಟೆಯವ, ಈಗ ಓಹಾಯೋದಲ್ಲಿ

ಹೊನ್ನಾವರದವರು ಹೇಳಿದ ಸ್ವಿಚ್ ಮಾತಿಗೆ ನನ್ನದೂ ಒಂದು ಓಟು. ಇಲ್ಲಿ ರೇಸಿಗೆ ಬರುವ ಗಾಡಿಗೂ ನ್ಯೂಟ್ರಲ್ ಸ್ವಿಚ್, ರಿವರ್ಸ್ ಲಾಕ್ ಎರಡೂ ಇರಲೇಬೇಕು ಅಂತ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮವೇ ಇದೆ. ನಮ್ಮ ರಸ್ತೆ ಗಾಡಿಗೆ ಬೇಡ ಅನ್ನುವುದು ಯಾವ ನ್ಯಾಯ.

ಬುಷ್ ಬದಲಾಯಿಸಿ ಕಾಲಮ್ ಉಳಿಸುವುದು ನಿಜಕ್ಕೂ ಒಳ್ಳೇ ಸಲಹೆ. ಆದರೆ ಘಟ್ಟದಲ್ಲಿ ಮೂರರಿಂದ ಎರಡಕ್ಕೆ ಪದೇ ಪದೇ ಹಾಕುವವರಿಗೆ ಕಾಲಮ್ ಲಿವರ್ ಅಷ್ಟು ಚುರುಕಲ್ಲ. ಅದೂ ಸಡಿಲ ಬುಷ್ ಇಟ್ಟುಕೊಂಡು ಈಗ ಹಾಗೇ ಓಡಿಸಬೇಡಿ. ಲಿವರ್ ಸ್ಥಾನಗಳ ಮಧ್ಯೆ ನಿಂತರೆ ಗೇರ್ ಬಾಕ್ಸಿನೊಳಗೆ ಮ್ಯಾನುಅಲ್ ವಾಲ್ವ್ ಕೂಡ ಮಧ್ಯೆ ನಿಲ್ಲುತ್ತದೆ, ಎಣ್ಣೆಯ ಒತ್ತಡ ಪೂರ್ತಿ ಹೋಗುವುದಿಲ್ಲ, ಕ್ಲಚ್ ಪ್ಲೇಟುಗಳು ಜಾರಿ ಸುಡುತ್ತವೆ. ಶಿಫ್ಟರಿನ ಚರ್ಚೆ ಮುಗಿಯುವ ಮೊದಲು ಗೇರ್ ಬಾಕ್ಸೇ ಮುಗಿದುಹೋಗಬಹುದು.

ಕೋಡಿಬಾಗ್ ಕಾರುಹುಚ್ಚ

ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಕೀ, ಪಾರ್ಕ್, ಸ್ವಿಚ್ ಮೂರೂ ಒಂದಕ್ಕೊಂದು ಗಂಟು ಹಾಕಿಕೊಂಡಿರುವುದು ಯಾವ ವಿಡಿಯೋದಲ್ಲೂ ಯಾರೂ ಹೇಳಿರಲಿಲ್ಲ.

ಮಧ್ಯದ ಸೀಟು ಖಾಲಿ ಇರುವುದು ಕಡಿಮೆ. ಶಿರಸಿಗೆ ಹೋಗುವಾಗ ಅಮ್ಮ, ಅತ್ತಿಗೆ ಇಬ್ಬರೂ ಮುಂದೆಯೇ, ಬರುವಾಗ ಅಪ್ಪೆಮಿಡಿ ಡಬ್ಬಿ ಬೇರೆ. ಹಾಗಾಗಿ ಡಬ್ಬಿ ಶಿಫ್ಟರ್ ಆಗಲ್ಲ. ಲೋಕಾರ್ ಕೋಲಿನ ಕಡೆ ಮನಸ್ಸು ವಾಲಿದೆ. ಎರಡು ಪ್ರಶ್ನೆ. ಮುಂದೆ ದುಡ್ಡು ಆದಾಗ 700ಆರ್4 ಹಾಕಬೇಕು ಅಂತ ಆಸೆ ಇದೆ, ಆಗ ಈ ಶಿಫ್ಟರ್ ನಡೆಯುತ್ತದಾ? ಮತ್ತೆ ಇಲ್ಲಿನ ಉಪ್ಪು ಗಾಳಿ, ಮಳೆಗೆ ಇದೆಲ್ಲ ಎಷ್ಟು ದಿನ ಬಾಳುತ್ತದೆ?

ಕುಮಟೆಯವ, ಈಗ ಓಹಾಯೋದಲ್ಲಿ

700ಆರ್4 ಒಳ್ಳೇ ಯೋಚನೆ. ನಾಲ್ಕನೇ ಗೇರ್ 0.70, ಹೈವೇಯಲ್ಲಿ ಇಂಜಿನ್ ಆರಾಮಾಗಿ ತಿರುಗುತ್ತದೆ. ಮೊದಲನೇ ಗೇರ್ 3.06, ಘಟ್ಟ ಹತ್ತಲು ಅದೂ ಲಾಭ. ಆದರೆ ಗೇರ್ ಬಾಕ್ಸಿಗೆ ಬೋಲ್ಟ್ ಮಾಡುವ ಲೋಕಾರ್ ಆ ಗೇರ್ ಬಾಕ್ಸಿಗೆಂದೇ ಮಾಡಿದ್ದು. ಟಿಎಚ್350ರದ್ದು ತಗೊಂಡು 700ಆರ್4ಕ್ಕೆ ಕೂರಿಸುತ್ತೇನೆ ಅಂತ ಲೆಕ್ಕ ಹಾಕಬೇಡಿ. ಈ ವಿಷಯದಲ್ಲಿ ಮೆಗಾಶಿಫ್ಟರಿಗೆ ಅಂಕ ಜಾಸ್ತಿ, ಅದನ್ನು ಮೂರು ಗೇರಿಗೂ ನಾಲ್ಕು ಗೇರಿಗೂ ಹೊಂದಿಸಬಹುದು. ಗೇರ್ ಬಾಕ್ಸ್ ಬದಲಾವಣೆ ಒಂದೆರಡು ವರ್ಷದಲ್ಲೇ ಅಂದರೆ ಈಗ ಕಾಲಮ್ ಬುಷ್ ಮಾತ್ರ ಮಾಡಿಸಿ, ಶಿಫ್ಟರನ್ನು ಆಗಲೇ ತರಿಸಿ. ಯಾವಾಗಲೋ ಒಂದು ದಿನ ಅಂದರೆ ಈಗಲೇ ಹಾಕಿ. 700ಆರ್4 ಹಾಕುವ ದಿನ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಅಂತ ಒಂದು ಇದೆ, ಕಾರ್ಬ್ಯುರೇಟರಿಗೆ ಕಟ್ಟುವುದು. ಅದರ ಹೊಂದಾಣಿಕೆ ತಪ್ಪಿದರೆ ಗೇರ್ ಬಾಕ್ಸ್ ಸುಡುತ್ತದೆ. ಅದಕ್ಕೆ ಬೇರೆ ಎಳೆ ತೆರೆಯಿರಿ, ಆಗ ಮಾತಾಡೋಣ.

ಹೊನ್ನಾವರ ಗ್ಯಾರೇಜು

ಉಪ್ಪಿಗೆ ಉತ್ತರ ನಾನು ಹೇಳ್ತೇನೆ, ಇದು ನಮ್ಮ ದಿನದ ಪಾಡು. ಶಿಫ್ಟರ್ ಹಾಳಾಗುವುದು ಮೇಲಿಂದ ಅಲ್ಲ, ಕೆಳಗಿಂದ. ಟನಲ್ ತೂತು ಕೊರೆದ ಅಂಚಿಗೆ ಪ್ರೈಮರ್ ಬಳಿಯದೆ ಬಿಟ್ಟರೆ ಒಂದೇ ಮಳೆಗಾಲಕ್ಕೆ ಅಲ್ಲಿಂದ ತುಕ್ಕು ಹರಡುತ್ತದೆ, ಕಾರ್ಪೆಟ್ಟಿನ ಅಡಿ ಇರುವುದರಿಂದ ಕಾಣುವುದೂ ಇಲ್ಲ. ರಬ್ಬರ್ ಬೂಟು ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ನೀರು ಒಳಗೆ, ಇಂಜಿನ್ ಬಿಸಿ ಗಾಳಿಯೂ ಒಳಗೆ. ನಟ್ಟು ಬೋಲ್ಟ್ ಸ್ಟೇನ್‌ಲೆಸ್ ಹಾಕು. ಸಲಾಕೆಯ ತುದಿಗಳಿಗೆ ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಗ್ರೀಸ್. ಬೀಚ್ ಕಡೆ ನಿಲ್ಲಿಸಿದ ದಿನ ಅಡಿಭಾಗಕ್ಕೆ ಸಿಹಿ ನೀರು ಹೊಡೆ.

ತೂತು ಕೊರೆಯುವ ಮೊದಲು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು ಕೂತು ನೋಡು. ಲಿವರ್ ಒಂದನೇ ಗೇರಿನಲ್ಲಿದ್ದಾಗ ಸೀಟಿಗೆ ತಾಗಬಾರದು, ಪಾರ್ಕಿನಲ್ಲಿದ್ದಾಗ ಡ್ಯಾಶ್‌ಬೋರ್ಡಿಗೆ ತಾಗಬಾರದು. ಅಮ್ಮನ ಮೊಣಕಾಲಿಗೂ.

ಘಟ್ಟದ ಮೇಲಿನವ

ಲೋಕಾರ್ ಕೋಲಿಗೆ ಹೋಗುವುದಾದರೆ ನನ್ನದೊಂದು ಎಚ್ಚರಿಕೆ. ಅದು ರ್ಯಾಚೆಟ್ ಅಲ್ಲ. ಸ್ಥಾನಗಳ ಕಚ್ಚು ಕೈಗೆ ಗೊತ್ತಾಗುತ್ತದೆ, ಹಿಡಿಯ ಬಟನ್ ಒತ್ತದೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಅಂತ ಖಾಲಿ ಮೈದಾನದಲ್ಲಿ ಮೊದಲು ಅಭ್ಯಾಸ ಮಾಡಿಕೊಳ್ಳಿ. ನಮ್ಮ ಕೈಗೆ ಎಡಗೈಯಲ್ಲಿ ಗೇರ್ ಹಾಕುವ ರೂಢಿ, ನಿಮ್ಮದು ಎಡ ಸ್ಟೀರಿಂಗ್ ಕಾರು, ಬಲಗೈಯಲ್ಲಿ ಹಾಕಬೇಕು. ಮೊದಲ ವಾರ ಕೈ ಬಾಗಿಲಿನ ಹಿಡಿ ಹುಡುಕುತ್ತದೆ.

ಕೋಡಿಬಾಗ್ ಕಾರುಹುಚ್ಚ

ಸರಿ, ತೀರ್ಮಾನ ಮಾಡಿದೆ. 700ಆರ್4 ಸದ್ಯಕ್ಕಿಲ್ಲ. ಈ ತಿಂಗಳು ಲೇತ್‌ನಲ್ಲಿ ಬುಷ್ ಮಾಡಿಸಿ ಕಾಲಮ್ ಸರಿ ಮಾಡ್ತೇನೆ. ಮಳೆ ಮುಗಿದ ಮೇಲೆ ಟಿಎಚ್350ರ ಲೋಕಾರ್, ಸ್ವಿಚ್ ಸಮೇತ. ಹಾಕಿದ ಮೇಲೆ ಹೊಂದಿಸುವುದು ಹೇಗೆ, ಅದೊಂದು ಹೇಳಿಬಿಡಿ.

ಹೊನ್ನಾವರ ಗ್ಯಾರೇಜು

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಚಕ್ರದಿಂದ ಸ್ವಲ್ಪ ಜಾಗ ಬಿಟ್ಟು ಕಲ್ಲು ಕೊಡು. ಸಲಾಕೆ ಬಿಚ್ಚಿ, ಗೇರ್ ಬಾಕ್ಸಿನ ತೋಳನ್ನು ಕೈಯಲ್ಲೇ ಪಾರ್ಕಿಗೆ ತಗೊಂಡು ಹೋಗು. ಗಾಡಿ ತಳ್ಳಿ ನೋಡು, ಅಲುಗಬಾರದು. ಮೇಲೆ ಲಿವರನ್ನೂ ಪಾರ್ಕಿಗೆ ಹಾಕು. ಈಗ ಸಲಾಕೆಯ ಉದ್ದವನ್ನು ತಿರುಗಿಸುತ್ತಾ ಹೋದರೆ ಪಿನ್ ಒತ್ತಾಯವಿಲ್ಲದೆ ತೂತಿಗೆ ತಾನಾಗಿ ಇಳಿಯಬೇಕು. ತಳ್ಳಿ ಸೇರಿಸಬೇಕಾಯಿತು ಅಂದರೆ ಇನ್ನೂ ಸರಿಯಾಗಿಲ್ಲ. ಆಮೇಲೆ ಲಿವರನ್ನು ಒಂದನೇ ಗೇರಿಗೆ ಎಳೆದು ಪಿನ್ ತೆಗೆದು ಮತ್ತೆ ಹಾಕಿ ನೋಡು, ಅಲ್ಲೂ ಹಾಗೇ ಇಳಿಯಬೇಕು. ಎರಡು ತುದಿ ಸರಿ ಬಂದರೆ ಮಧ್ಯದ್ದು ತಾನಾಗಿ ಬರುತ್ತದೆ.

ಕೊನೆಗೆ ಬ್ರೇಕ್ ಗಟ್ಟಿ ಒತ್ತಿಕೊಂಡು ಪ್ರತಿ ಸ್ಥಾನದಲ್ಲೂ ಕೀ ತಿರುಗಿಸು. ಪಾರ್ಕ್, ನ್ಯೂಟ್ರಲ್ ಬಿಟ್ಟು ಎಲ್ಲೇ ಸೆಲ್ಫ್ ಹೊಡೆದರೂ ಸ್ವಿಚ್ ಮತ್ತೆ ಹೊಂದಿಸು. ಇಂಜಿನ್ ಪಕ್ಕದ ಕಿಕ್‌ಡೌನ್ ಕೇಬಲ್ (ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇರ್ ಇಳಿಸುವುದು) ಮುಟ್ಟಬೇಡ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೆಳಗೆ ಇದ್ದಾಗ ಪ್ಯಾನ್ ಬೋಲ್ಟ್ ಸಡಿಲ ಕಂಡರೆ ಹದವಾಗಿ ಬಿಗಿ ಸಾಕು, ಜಾಸ್ತಿ ಬಿಗಿದರೆ ಪ್ಯಾನ್ ಸೊಟ್ಟಗಾಗಿ ಎಣ್ಣೆ ಸೋರುತ್ತದೆ.

ಸದಾಶಿವಗಡ ಸ್ಪೀಡು

ಪಿಸ್ತೂಲಿನ ಹಿಡಿ ಕೋಲಿನ ಮೇಲೆ ಕೂರುತ್ತದಾ ಅಂತ ಯಾರಿಗಾದರೂ ಗೊತ್ತಾ? ಸುಮ್ನೆ ಕೇಳಿದೆ.